‘ಭವಿಷ್ಯದ ಬಾಲಕ ಕೋನನ್’: ಒಂದು ಪಾತ್ರಪರಿಶೀಲನೆ

ಈ ಸ್ಮರಣ ಸಂಚಿಕೆಗೆ ಒಂದು ಪಾತ್ರಪರಿಶೀಲನಾತ್ಮಕ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ರನ್ನನ ದುರ್ಯೋಧನನನ್ನೋ ಕುಮಾರವ್ಯಾಸನ ಕರ್ಣನನ್ನೋ ಕುರಿತು ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಮೂರು ದಶಕ ಕನ್ನಡ ಪಾಠ ಹೇಳಿದವನಿಂದ ಅಂಥದನ್ನು ನಿರೀಕ್ಷಿಸುವುದು ಸಹಜವೇ ಸರಿ. ಆದರೆ ಕಳೆದೆರಡು ಮಳೆಗಾಲಗಳಿಂದ ನನ್ನ ಮನಸ್ಸನ್ನು ಆಕ್ರಮಿಸಿಕೊಂಡಿರುವ ಪಾತ್ರಗಳು ಜಪಾನ್ ದೇಶದ ಒಂದು ಕಾರ್ಟೂನ್ ಧಾರಾವಾಹಿಯವು. ಕಾರ್ಟೂನೆಂಬ ಹೆಸರು ಕೇಳಿದೊಡನೆಯೇ ಹಿರಿಯ ವಾಚಕರು ಪುಟವನ್ನು ಮಗುಚಬಾರದೆಂದು ನನ್ನ ಅರಿಕೆ.

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗನು ರಜೆಯಲ್ಲಿ ಗೋಕಾಕ ಫಾಲ್ಸಿಗೆ ಬಂದಿದ್ದಾಗ ಇದನ್ನು ತನ್ನ ಕಂಪ್ಯೂಟರಿನಲ್ಲಿ ತಂದಿದ್ದ. ಮಾತು ಜಪಾನಿಯದು, ಅಡಿಯಲ್ಲಿ ಇಂಗ್ಲಿಷ್ ಸಾಲುಗಳು. ಹುಡುಗನ ಮನಸ್ಸು ನೋಯಬಾರದೆಂದು ಮೊದಲನೆಯ ಕಂತನ್ನು ನೋಡಿದೆ. ಎರಡನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ. ಇಪ್ಪತ್ತಾರು ಕಂತುಗಳನ್ನು ಈಗ ಎರಡು ಸಲ ಪೂರ್ತಿಯಾಗಿ ನೋಡಿದ್ದೇನೆ.

‘ಮಿರಾಯಿ ಶೋನೆನ್ ಕೋನನ್’ ಎಂಬುದು ಇದರ ಮೂಲ ಹೆಸರು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯು ಇದನ್ನು 1978ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರಸಾರ ಮಾಡಿತು. ನಿರ್ದೇಶಕರು ಹಯಾವೊ ಮಿಯಾಝಾಕಿ. ಮುಂದೆ 1985ರಲ್ಲಿ ‘ಘಿಬ್ಲಿ’ ಚಿತ್ರಸಂಸ್ಥೆಯ ಸ್ಥಾಪಕರಲ್ಲೊಬ್ಬರಾಗಿ, 2003ರಲ್ಲಿ ಆಸ್ಕರ್ ಪಾರಿತೋಷಕವನ್ನೂ ಪಡೆದು ಜಗದ್ವಿಖ್ಯಾತರಾದ ಇವರು ಧಾರಾವಾಹಿಯೊಂದರ ಪೂರ್ಣ ಹೊಣೆಯನ್ನು ಹೊತ್ತದ್ದು ಇದೇ ಮೊದಲು. ಅಲೆಕ್ಸಾಂಡರ್ ಕೀ ಎಂಬ ಅಮೆರಿಕನ್ ಲೇಖಕರು 1970ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು ಇದಕ್ಕೆ ಆಧಾರವಾದರೂ, ಮೂಲದ ನಿರಾಶೆ ನಿರ್ದೇಶಕರಿಗೆ ಒಪ್ಪಿಗೆಯಾಗಲಿಲ್ಲ. ಕಥೆಯನ್ನು ಬಹುಮಟ್ಟಿಗೆ ತಮ್ಮದನ್ನಾಗಿಯೇ ಮಾಡಿಕೊಂಡರು.

ಕಥೆಯ ಪ್ರಕಾರ 2008ರ ಜುಲೈ ತಿಂಗಳಿನಲ್ಲಿ, ಅಣುಬಾಂಬನ್ನೂ ಮೀರಿಸಿದ ಕಾಂತಶಕ್ತಿಯ ಆಯುಧಗಳಿಂದ ಅರ್ಧ ಜಗತ್ತು ಕ್ಷಣಾರ್ಧದಲ್ಲಿ ನಾಶವಾಗುತ್ತದೆ. ಭೂಮಿಯ ಅಕ್ಷವೇ ತಿರುಚಿ ಐದು ಖಂಡಗಳು ಕಡಲೊಳಗೆ ಮುಳುಗುತ್ತವೆ. (ವಾಸ್ತವದಲ್ಲಿ ಆ ಜುಲೈ ತಿಂಗಳು ನಮ್ಮೂರಿನಲ್ಲಿ ಶಾಲೆ, ಮಳೆಗಳೊಂದಿಗೆ ಸುಮ್ಮನೆ ಕಳೆದುಹೋಯಿತೆಂಬುದು ಸಮಾಧಾನದ ಸಂಗತಿ.) ಆ ಪ್ರಳಯದ ಇಪ್ಪತ್ತು ವರ್ಷಗಳ ತರುವಾಯ, ಒಂದು ಪುಟ್ಟ ದ್ವೀಪದಲ್ಲಿ ನೆಲಕ್ಕಪ್ಪಳಿಸಿದ ರಾಕೆಟ್ಟನ್ನೇ ಮನೆಯನ್ನಾಗಿ ಮಾಡಿಕೊಂಡು ಒಬ್ಬ ವೃದ್ಧನೂ ಕೋನನ್ ಎಂಬ ಬಾಲಕನೂ ಬದುಕಿದ್ದಾರೆ. ಅಜ್ಜನನ್ನು ಬಿಟ್ಟು ಬೇರೆ ಮನುಷ್ಯರನ್ನೇ ಕಾಣದ ಆ ಹುಡುಗನಿಗೆ ಒಂದು ದಿನ ಕಡಲ ದಂಡೆಯಲ್ಲಿ ಲಾನಾ ಎಂಬ ಬಾಲಿಕೆ ದೊರೆಯುತ್ತಾಳೆ. ಅವಳ ಅಜ್ಜ ಡಾಕ್ಟರ್ ಲಾವೊ ಸೌರಶಕ್ತಿಯ ರಹಸ್ಯವನ್ನು ಬಲ್ಲ ವಿಜ್ಞಾನಿ. ಆ ರಹಸ್ಯಕ್ಕಾಗಿ ಇಂಡಸ್ಟ್ರಿಯಾ ಎಂಬ ಯಂತ್ರನಗರದವರು ಹುಡುಗಿಯನ್ನು ಅಪಹರಿಸುತ್ತಾರೆ; ಅಜ್ಜ ಆ ಘರ್ಷಣೆಯಲ್ಲಿ ಗಾಯಗೊಂಡು ಪ್ರಾಣ ಬಿಡುತ್ತಾನೆ; ಕೋನನ್ ಒಂದು ತೆಪ್ಪವನ್ನು ಕಟ್ಟಿಕೊಂಡು ಸಮುದ್ರಕ್ಕಿಳಿಯುತ್ತಾನೆ.

ಈ ಇಂಡಸ್ಟ್ರಿಯಾ ನಮ್ಮೂರಿನವರಿಗೆ ತೀರ ಅಪರಿಚಿತವೇನಲ್ಲ. 1885ರಲ್ಲಿ ಸ್ಥಾಪಿತವಾದ ಗಿರಣಿಯ ನೆರಳಿನಲ್ಲಿ, 171 ಅಡಿ ಎತ್ತರದಿಂದ ಬೀಳುವ ಘಟಪ್ರಭೆಯ ಸದ್ದಿನಲ್ಲಿ ಬೆಳೆದವನು ನಾನು. 1887ರಲ್ಲಿಯೇ ಇಲ್ಲಿ ನೀರಿನ ಬಲದಿಂದ ವಿದ್ಯುತ್ತನ್ನು ತೆಗೆದರೆಂದು ಶಾಲೆಯಲ್ಲಿ ಹೆಮ್ಮೆಯಿಂದ ಕಲಿತೆವು. ಗಿರಣಿಯ ಭೋಂಗಾ ಕೂಗಿದೊಡನೆ ಮನೆಮನೆಯಿಂದ ಬುತ್ತಿಗಂಟು ಹಿಡಿದು ಹೊರಡುತ್ತಿದ್ದ ಪಾಳಿಯ ಜನರನ್ನು ನೋಡಿ ಬಲ್ಲ ನನಗೆ, ಶಕ್ತಿ ಕುಂದುತ್ತಿರುವ ಗೋಪುರ, ಮೇಲಿನ ದರ್ಜೆ ಕೆಳಗಿನ ದರ್ಜೆಯೆಂದು ವಿಭಾಗಿಸಲ್ಪಟ್ಟ ನಾಗರಿಕರು, ಎದುರು ಮಾತಾಡಿ ನೆಲಮಾಳಿಗೆಯನ್ನು ಸೇರಿದವರು – ಇವೆಲ್ಲ ಕೇವಲ ಕಲ್ಪನೆಯೆನಿಸಲಿಲ್ಲ. ಆದರೂ ಒಂದು ಆಕ್ಷೇಪವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯಂತ್ರನಗರಕ್ಕೆ ಎದುರಾಗಿ ಹೈಹಾರ್ಬರ್ ಎಂಬ ಕೃಷಿಕರ ದ್ವೀಪವನ್ನು ನಿರ್ದೇಶಕರು ಬಹಳ ಮಮತೆಯಿಂದ ಚಿತ್ರಿಸಿದ್ದಾರೆ. ಅಲ್ಲಿಯೂ ಒರ್ಲೊ ಎಂಬ ಪುಂಡನ ಗುಂಪೊಂದನ್ನು ತೋರಿಸಿದ್ದಾರೆಂಬುದು ನಿಜ. ಆದರೆ ಹೊಲವುಳ್ಳ ಊರೆಲ್ಲ ಸುಖಿ, ಯಂತ್ರವುಳ್ಳ ಊರೆಲ್ಲ ದುಃಖಿಯೆಂಬುದನ್ನು ಗಿರಣಿಯ ಪಗಾರದಿಂದ ಓದಿ ಮೇಲೆ ಬಂದ ನಮ್ಮಂಥವರು ಒಪ್ಪುವುದು ಕಷ್ಟ.

ಇನ್ನು ಪಾತ್ರಗಳ ವಿಚಾರ. ನಾಯಕನಾದ ಕೋನನ್ ಮೊದಲಿನಿಂದ ಕೊನೆಯವರೆಗೆ ಬದಲಾಗುವುದಿಲ್ಲ. ವಿಮಾನದ ರೆಕ್ಕೆಯನ್ನು ಕಾಲ್ಬೆರಳುಗಳಿಂದ ಹಿಡಿದು ನೇತಾಡುತ್ತಾನೆ. ಲಾನಾಳನ್ನು ಎತ್ತಿಕೊಂಡು ಮುಗಿಲೆತ್ತರದ ಗೋಪುರದಿಂದ ಜಿಗಿದು, ಪಾದಗಳು ಜುಮ್ಮೆಂದರೂ ನೆಟ್ಟಗೆ ನಿಲ್ಲುತ್ತಾನೆ. ನಮ್ಮ ವಿಜ್ಞಾನದ ಮಾಸ್ತರರೊಬ್ಬರಿಗೆ ಈ ದೃಶ್ಯವನ್ನು ತೋರಿಸಿದೆ. ಅವರು ಬಹಳ ಹೊತ್ತು ನಕ್ಕರು. ಆದರೆ ಕೋನನ್‌ನ ನಿಜವಾದ ವೈಶಿಷ್ಟ್ಯ ದೇಹಬಲದಲ್ಲಿಲ್ಲ. ಯಾರನ್ನೂ ಕಾಣದೆ ಬೆಳೆದ ಅವನಿಗೆ ದ್ವೇಷವೆಂಬುದು ಅಭ್ಯಾಸವಾಗಿಲ್ಲ. ಅಜ್ಜನ ಸಾವಿಗೆ ಕಾರಣರಾದವರೇ ಮುಂದೆ ಅಪಾಯದಲ್ಲಿ ಸಿಲುಕಿದಾಗ ಅವನು ಲೆಕ್ಕ ಹಾಕುತ್ತ ನಿಲ್ಲುವುದಿಲ್ಲ, ಓಡಿಹೋಗಿ ಎತ್ತುತ್ತಾನೆ. ಯಾರಿಗೂ ಒಂದು ಉಪದೇಶದ ಮಾತನ್ನೂ ಆಡುವುದಿಲ್ಲ.

ಲಾನಾಳ ಪಾತ್ರ ಪೂರ್ವಾರ್ಧದಲ್ಲಿ ಸ್ವಲ್ಪ ಸೊರಗಿದೆ. ಅಪಹರಣಕ್ಕೊಳಗಾಗುವುದೇ ಅವಳ ಕೆಲಸವೆನಿಸುತ್ತದೆ. ಆದರೆ ಎಷ್ಟೇ ಬೆದರಿಸಿದರೂ ಅಜ್ಜನ ಗುಟ್ಟನ್ನು ಬಿಟ್ಟುಕೊಡದ ಅವಳ ನಿಶ್ಚಲತೆ ಸಾಮಾನ್ಯವಾದುದಲ್ಲ. ಕಬ್ಬಿಣದ ಬಂಧನದಲ್ಲಿ ನೀರಿನಡಿ ಸಿಲುಕಿದ ಕೋನನ್‌ಗೆ ಅವಳು ಮತ್ತೆ ಮತ್ತೆ ಮುಳುಗಿ ತನ್ನ ಬಾಯಿಂದ ಉಸಿರನ್ನು ಕೊಡುವ ದೃಶ್ಯದಲ್ಲಿ, ಕಾಪಾಡುವವರು ಯಾರು ಕಾಪಾಡಲ್ಪಡುವವರು ಯಾರೆಂಬ ಎಣಿಕೆ ತಲೆಕೆಳಗಾಗುತ್ತದೆ.

ಹೊಟ್ಟೆಬಾಕ ಜಿಮ್ಸಿಯನ್ನು ಕಂಡರೆ ಯಾವ ಶಿಕ್ಷಕನಿಗಾದರೂ ತನ್ನ ತರಗತಿಯ ಕೊನೆಯ ಬೆಂಚು ನೆನಪಾಗಲೇಬೇಕು. ದ್ವೀಪವೊಂದರಲ್ಲಿ ಒಬ್ಬಂಟಿಯಾಗಿ ಬೇಟೆಯಾಡಿಕೊಂಡು, ತಂಬಾಕಿನ ಚಟವನ್ನೂ ಹತ್ತಿಸಿಕೊಂಡು ಬೆಳೆದ ಕಾಡುಹುಡುಗ ಅವನು. ಎಲ್ಲರೂ ದುಡಿದೇ ಉಣ್ಣಬೇಕೆಂಬ ಹೈಹಾರ್ಬರಿನ ಕಟ್ಟಳೆ ಅವನಿಗೆ ಮೊದಲು ಅರ್ಥವೇ ಆಗುವುದಿಲ್ಲ. ಅಲ್ಲಿ ದೊರೆತ ಹಂದಿಮರಿಗೆ ‘ರುಚಿಯಾಗಿ ಕಾಣುತ್ತದೆ’ ಎಂಬರ್ಥದ ಹೆಸರನ್ನಿಟ್ಟು, ಕಡೆಗೆ ತಿನ್ನಲಾರದೆ ಸಾಕಿಕೊಳ್ಳುತ್ತಾನೆ. ಕಾಯಕವನ್ನು ಕುರಿತು ನಾವು ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡುವುದನ್ನು ಈ ಹುಡುಗನೂ ಆ ಮರಿಯೂ ಹತ್ತು ನಿಮಿಷಗಳಲ್ಲಿ ತೋರಿಸಿಕೊಡುತ್ತಾರೆ. ಹಡಗಿನ ನಾಯಕ ಡೈಸ್ ಅರ್ಧ ಲೋಭಿ, ಅರ್ಧ ಒಳ್ಳೆಯವನು. ಗಾಳಿ ಬಂದತ್ತ ವಾಲುವ ಇಂಥವರು ಎಲ್ಲ ಊರುಗಳಲ್ಲಿಯೂ ಇರುವುದರಿಂದ ಹೆಚ್ಚಿನ ವಿವರಣೆ ಬೇಡ.

ಇಂಡಸ್ಟ್ರಿಯಾದ ಆಡಳಿತವನ್ನು ಕೈವಶ ಮಾಡಿಕೊಂಡ ಲೆಪ್ಕಾನ ಪಾತ್ರವೇ ಈ ಕೃತಿಯ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ. ಸೌರಶಕ್ತಿಯಿಂದ ಹಳೆಯ ಯುದ್ಧದ ಮಹಾವಿಮಾನವನ್ನು ಮತ್ತೆ ಹಾರಿಸಿ ಜಗತ್ತನ್ನಾಳಬೇಕೆಂಬುದು ಅವನ ಹಟ. ಆದರೆ ಆ ಹಟ ಎಲ್ಲಿಂದ ಬಂತು? ಅವನು ಯಾವಾಗಲಾದರೂ ಯಾರನ್ನಾದರೂ ಪ್ರೀತಿಸಿದ್ದನೆ? ಉತ್ತರವಿಲ್ಲ. ನಮ್ಮ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ರಣಭೂಮಿಯ ಹೆಣಗಳ ನಡುವೆ ನಡೆಸಿ, ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ಅಳಿಸಿದನು. ಆ ಕಣ್ಣೀರಿನಿಂದಲೇ ಪ್ರತಿನಾಯಕನು ನಮ್ಮವನಾದನು. ಲೆಪ್ಕಾನಿಗೆ ಅಂಥ ಒಂದು ಕ್ಷಣವನ್ನೂ ದಯಪಾಲಿಸಿಲ್ಲ. ಅವನು ಸತ್ತಾಗ ಯಾರಿಗೂ ಏನೂ ಆಗುವುದಿಲ್ಲ, ನೋಡುವವರಿಗೂ ಕೂಡ.

ಇಷ್ಟು ಪಾತ್ರಗಳನ್ನು ಬದಿಗಿರಿಸಿ ನಾನು ಶ್ರೇಷ್ಠವೆಂದೆಣಿಸುವುದು ಮಾನ್ಸ್ಲಿ ಎಂಬವಳ ಪಾತ್ರವನ್ನು. ಇಂಡಸ್ಟ್ರಿಯಾದ ಅಧಿಕಾರಿಣಿಯಾಗಿ ಸೈನಿಕರೊಡನೆ ಬಂದು ಲಾನಾಳನ್ನು ಹಿಡಿದೊಯ್ಯುವವಳು ಇವಳೇ. ಆರಂಭದ ಕಂತುಗಳಲ್ಲಿ ಕೋನನ್‌ನ ಅಜ್ಜ ಅವಳಿಗೆ ಬುದ್ಧಿ ಹೇಳಹೋಗುತ್ತಾನೆ. ಇನ್ನೂ ಯುದ್ಧದ ದಾರಿಯನ್ನು ಬಿಟ್ಟಿಲ್ಲವೇ ಎಂಬುದು ಅವನ ಧಾಟಿ. ಆಗ ಮಾನ್ಸ್ಲಿ ಸಿಡಿದೇಳುತ್ತಾಳೆ. ಯುದ್ಧವನ್ನು ಹೂಡಿದವರು ಅಂದು ದೊಡ್ಡವರಾಗಿದ್ದ ನೀವು, ನಾವಾಗ ಮಕ್ಕಳು, ಬದುಕುಳಿಯಲು ನಾವೆಷ್ಟು ಪಾಡುಪಟ್ಟೆವೆಂದು ನಿಮಗೆ ಗೊತ್ತೇ ಎಂಬುದು ಅವಳ ಮಾತಿನ ತಾತ್ಪರ್ಯ. ಖಳರ ಪಕ್ಷದವಳ ಬಾಯಿಯಿಂದ, ಕಥೆಯ ಪ್ರಾರಂಭದಲ್ಲಿಯೇ, ಇಡೀ ಕೃತಿಯ ಅತ್ಯಂತ ನ್ಯಾಯವಾದ ಮಾತನ್ನು ಆಡಿಸಿದ್ದಾರೆ.

ಇದು ನಿರ್ದೇಶಕರ ಸ್ವಂತ ನೋವೂ ಹೌದೆಂದು ಅವರ ಜೀವನ ತಿಳಿದವರು ಊಹಿಸಬಹುದು. ಮಿಯಾಝಾಕಿಯವರು ಹುಟ್ಟಿದ್ದು 1941ರಲ್ಲಿ. ಅವರ ಮನೆತನದ ಕಾರಖಾನೆಯು ಯುದ್ಧವಿಮಾನಗಳ ಭಾಗಗಳನ್ನು ತಯಾರಿಸುತ್ತಿತ್ತು. 1945ರಲ್ಲಿ ಉತ್ಸುನೊಮಿಯಾ ನಗರದ ಮೇಲೆ ಬಾಂಬುಗಳು ಬಿದ್ದಾಗ ನಾಲ್ಕು ವರ್ಷದ ಮಗುವಾಗಿದ್ದ ಅವರು ಕುಟುಂಬದವರೊಡನೆ ಲಾರಿಯೊಂದರಲ್ಲಿ ಪಾರಾದರು. ಮಗುವನ್ನೆತ್ತಿಕೊಂಡು ತಮ್ಮನ್ನೂ ಹತ್ತಿಸಿಕೊಳ್ಳಿರೆಂದು ಬೇಡಿದವರನ್ನು ಬಿಟ್ಟು ಆ ಲಾರಿ ಹೊರಟುಹೋಯಿತೆಂಬ ನೆನಪು ತಮ್ಮನ್ನು ಕಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ.

ಮಾನ್ಸ್ಲಿಯ ಆ ಮಾತನ್ನು ಕೇಳಿದಾಗ ನಾನು ಮೊಮ್ಮಗನಿಗೆ ಕಂಪ್ಯೂಟರನ್ನು ನಿಲ್ಲಿಸೆಂದೆ. ಏಕೆಂದರೆ ಅದೇ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ. ಮೂವತ್ತು ವರ್ಷಗಳಾಚೆಯ ಸಂಗತಿ. ಆಗ ಬೇರೊಂದು ಊರಿನ ಶಾಲೆಯಲ್ಲಿದ್ದೆ. ಬಿಡುವಿನ ವೇಳೆಯಲ್ಲಿ ಮಾಸ್ತರರ ಕೋಣೆಯಿಂದ ಹುಡುಗರನ್ನು ಅಂಗಡಿಗೆ ಅಟ್ಟಿ ಎಲೆ-ಅಡಿಕೆ, ಬೀಡಿ ತರಿಸುವುದು ನಮ್ಮಲ್ಲಿ ಕೆಲವರ ವಾಡಿಕೆಯಾಗಿತ್ತು. ಅವರಲ್ಲಿ ನಾನೂ ಒಬ್ಬ. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶಾಲೆಯ ಹಿತ್ತಲಿನಲ್ಲಿ ಬೀಡಿ ಸೇದುತ್ತ ನನ್ನ ಕೈಗೆ ಸಿಕ್ಕಿಬಿದ್ದ. ಬೆತ್ತದಿಂದ ನಾಲ್ಕು ಬಾರಿಸಿ, ಎಲ್ಲರೆದುರು ಆರೋಗ್ಯ, ಶೀಲಗಳ ಮೇಲೆ ಉಪನ್ಯಾಸವನ್ನೂ ಮಾಡಿದೆ. ಹುಡುಗ ಅಳಲಿಲ್ಲ. ‘ಅಂಗಡಿಗೆ ಕಳಸಾವ್ರು ನೀವs ಅಲ್ರೀ ಸರ? ಮೊದಲನೇ ಬೀಡಿ ನಾ ನಿಮ್ಮ ಕಟ್ಟಿನಾಗಿಂದs ಸೇದೀನ್ರಿ’ ಎಂದ.

ತರಗತಿ ಸ್ತಬ್ಧವಾಯಿತು. ನನ್ನಲ್ಲಿ ಉತ್ತರವಿರಲಿಲ್ಲ, ಸಿಟ್ಟು ಮಾತ್ರ ಇತ್ತು. ಆ ವರ್ಷದ ಕೊನೆಗೆ ಅವನು ಶಾಲೆ ಬಿಟ್ಟು ಸೋದರಮಾವನ ಊರಿಗೆ ಹೊರಟಾಗ ಅವನ ದಾಖಲೆಯನ್ನು ತುಂಬಿದವನು ನಾನೇ. ನಡತೆಯೆಂಬ ಕಲಮಿನಲ್ಲಿ ‘ಉದ್ಧಟ’ ಎಂದು ಬರೆದೆ. ಮುಖ್ಯಾಧ್ಯಾಪಕರು ಓದದೆಯೇ ಸಹಿ ಹಾಕಿದರು. ಆ ಒಂದು ಶಬ್ದ ಎಷ್ಟು ಬಾಗಿಲುಗಳಲ್ಲಿ ಅವನಿಗೆ ಅಡ್ಡವಾಯಿತೋ, ಎಲ್ಲಿದ್ದಾನೋ, ನಾನರಿಯೆ. ಬೀಡಿಯನ್ನು ಬಿಡಲು ನನಗೆ ಮುಂದೆ ಹನ್ನೊಂದು ವರ್ಷ ಹಿಡಿಯಿತು.

ಮಾನ್ಸ್ಲಿಯ ಪಾತ್ರ ಅಷ್ಟಕ್ಕೇ ನಿಂತಿದ್ದರೆ ಅದು ಒಂದು ಒಳ್ಳೆಯ ಮಾತಾಗಿ ಉಳಿಯುತ್ತಿತ್ತು. ಆದರೆ ನಿರ್ದೇಶಕರು ಅವಳನ್ನು ಸುಲಭದಲ್ಲಿ ಬಿಡುವುದಿಲ್ಲ. ದೊಡ್ಡವರು ತನಗೆ ಮಾಡಿದ ಅನ್ಯಾಯವನ್ನು ಅಷ್ಟು ಸ್ಪಷ್ಟವಾಗಿ ಬಲ್ಲವಳು, ಈಗ ತಾನು ದೊಡ್ಡವಳಾಗಿ, ಹನ್ನೆರಡರ ಆಸುಪಾಸಿನ ಮಕ್ಕಳ ಮೇಲೆ ಬಂದೂಕು ಹಿಡಿದವರನ್ನು ಛೂ ಬಿಡುತ್ತಾಳೆ. ಅವಳ ದೂರು ಸತ್ಯ. ಅವಳ ಕೃತ್ಯವೂ ಸತ್ಯ. ಒಂದು ಇನ್ನೊಂದನ್ನು ತೊಳೆಯುವುದಿಲ್ಲ. ಹತ್ತೊಂಬತ್ತನೆಯ ಕಂತಿನವರೆಗೆ ಹೀಗೆಯೇ ಸಾಗಿ, ಹೈಹಾರ್ಬರನ್ನು ಅವಳು ಆಕ್ರಮಿಸಿಕೊಂಡಿರುವಾಗ ಸಮುದ್ರವು ಉಕ್ಕಿ ಬರುತ್ತದೆ. ಆ ಮಹಾಲೆಯನ್ನು ಕಂಡೊಡನೆ, ಯುದ್ಧ ಆರಂಭವಾದ ದಿನದ ಪುಟ್ಟ ಹುಡುಗಿ ಅವಳೊಳಗೆ ಎಚ್ಚರಗೊಳ್ಳುತ್ತಾಳೆ: ತಂದೆ, ತಾಯಿ, ಮುಕು ಎಂಬ ನಾಯಿ, ಎಲ್ಲವನ್ನೂ ನುಂಗಿದ ನೀರು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಗೋಕಾಕ ನಗರದೊಳಗೆ ನುಗ್ಗಿದ್ದನ್ನು ಕಂಡವರಿಗೆ ಈ ದೃಶ್ಯ ಬೇರೆಯದೇ ಆಗಿ ಕಾಣುವುದು. ಏರುತ್ತಿರುವ ನೀರಿನೆದುರು ಅಧಿಕಾರಿಯ ಅಂಗಿಯೂ ಕೂಲಿಯ ಅಂಗಿಯೂ ಒಂದೇ ತೆರನಾಗಿ ತೊಯ್ಯುತ್ತವೆ.

ಅಲ್ಲಿಂದ ಮುಂದೆ ಅವಳು ಬೇರೆಯವಳೇ. ಆದರೆ ಆ ಬದಲಾವಣೆಯನ್ನು ಯಾರೂ ಅವಳಿಗೆ ಪುಕ್ಕಟೆಯಾಗಿ ಕೊಡಲಿಲ್ಲ. ಇಂಡಸ್ಟ್ರಿಯಾಗೆ ಮರಳಿದವಳಿಗೆ ಲೆಪ್ಕಾ ಮರಣದಂಡನೆಯನ್ನೇ ವಿಧಿಸುತ್ತಾನೆ. ಅವಳನ್ನು ಬಿಡಿಸಿಕೊಂಡು ಬರುವವರಲ್ಲಿ ಮುಂದಾಳು ಕೋನನ್, ಅಂದರೆ ಅವಳಿಂದಲೇ ಅಜ್ಜನನ್ನು ಕಳೆದುಕೊಂಡ ಹುಡುಗ. ಅವನು ಕ್ಷಮಿಸಿದೆನೆಂದು ಎಲ್ಲಿಯೂ ಹೇಳುವುದಿಲ್ಲ. ಅವಳೂ ಕ್ಷಮೆಯನ್ನು ಕೇಳುವ ದೀರ್ಘ ಸಂಭಾಷಣೆಯೊಂದನ್ನು ಆಡುವುದಿಲ್ಲ. ನಾಟಕ ಬರೆಯುವ ನಮ್ಮವರಾಗಿದ್ದರೆ ಅಲ್ಲಿ ಎರಡು ಪುಟಗಳ ಮಾತನ್ನೂ ಒಂದು ಹಾಡನ್ನೂ ಇಟ್ಟುಬಿಡುತ್ತಿದ್ದರು.

ಅವಳ ಮಾತಿನಲ್ಲಿ ಪದೇ ಪದೇ ಬರುವ ‘ಬಾಕಾ ನೆ’ ಎಂಬ ಜಪಾನಿ ನುಡಿಯೊಂದಿದೆ. ಮೂರ್ಖನೆಂಬ ಅರ್ಥವೆಂದು ಮೊಮ್ಮಗ ತಿಳಿಸಿದ. ಮೊದಮೊದಲು ಅದರಲ್ಲಿ ತಿರಸ್ಕಾರವೇ ತುಂಬಿದೆ. ಕೊನೆಯ ಕಂತಿನಲ್ಲಿ ಹಡಗಿನ ಮೇಲೆ ಡೈಸ್‌ನೊಡನೆ ಅವಳ ಮದುವೆ ನಡೆಯುವ ಹೊತ್ತಿಗೆ ಅದೇ ನುಡಿ, ನಮ್ಮ ಕಡೆಯ ಅವ್ವಂದಿರು ಮಕ್ಕಳನ್ನು ‘ಹುಚ್ಚ ಖೋಡಿ’ ಎನ್ನುವ ಹಾಗೆ ಕೇಳಿಸುತ್ತದೆ. ಇಂಗ್ಲಿಷ್ ಸಾಲುಗಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಕಿವಿಗೊಟ್ಟು ಕೇಳಬೇಕು.

ಮೊಮ್ಮಗ ಮಾತ್ರ ನನ್ನ ನಿರ್ಣಯವನ್ನು ಒಪ್ಪುವುದಿಲ್ಲ. ಅವನ ಮತದಲ್ಲಿ ಜಿಮ್ಸಿಗೇ ಅಗ್ರಸ್ಥಾನ. ಅಜ್ಜ ಮಾಸ್ತರಾದ್ದರಿಂದ ತಪ್ಪು ಮಾಡಿ ತಿದ್ದಿಕೊಂಡವರನ್ನೇ ಮೆಚ್ಚುತ್ತಾನೆಂದು ಅವನ ಟೀಕೆ. ದಸರಾ ರಜೆಗೆ ಬಂದಾಗ ಹಂದಿಮರಿಯ ಆ ಕಂತನ್ನು ಮತ್ತೊಮ್ಮೆ ತೋರಿಸುವೆನೆಂದು ಹೇಳಿಹೋಗಿದ್ದಾನೆ.