ಹೇಳಿಕೊಡುವ ಆಟ: ಲಯಪ್ರಧಾನ ವಿಡಿಯೊ ಗೇಮ್‌ಗಳಲ್ಲಿ ಬೋಧನಾಕ್ರಮದ ಸ್ವರೂಪ

೧. ಪೀಠಿಕೆ

ಬೋಧನೆಯನ್ನು ಸೂಚಿಸಲು ಕನ್ನಡದಲ್ಲಿ ಹಲವು ಕ್ರಿಯಾಪದಗಳಿವೆ. ತಿಳಿಸು, ತೋರಿಸು, ಕಲಿಸು ಎಂಬವು ತಿಳಿ, ತೋರು, ಕಲಿ ಎಂಬ ಧಾತುಗಳ ಪ್ರೇರಣಾರ್ಥಕ ರೂಪಗಳು. ಇವುಗಳ ಜೊತೆಗೆ ‘ಹೇಳಿಕೊಡು’ ಎಂಬ ಸಂಯುಕ್ತ ಕ್ರಿಯಾಪದವೂ ಬಳಕೆಯಲ್ಲಿದೆ. ತಿಳಿಸುವುದಕ್ಕೂ ಹೇಳಿಕೊಡುವುದಕ್ಕೂ ಇರುವ ಅಂತರ ಸಣ್ಣದಲ್ಲ. ತಿಳಿಸುವವನು ವಿಷಯವನ್ನು ಮುಟ್ಟಿಸಿದರೆ ಅವನ ಕೆಲಸ ಮುಗಿಯಿತು. ಹೇಳಿಕೊಡುವವನು ಒಂದು ನುಡಿಯನ್ನು ಉಚ್ಚರಿಸಿ ಕಲಿಯುವವನ ಬಾಯಿಗೆ ದಾಟಿಸುತ್ತಾನೆ; ಕಲಿಯುವವನು ಅದನ್ನು ಮರಳಿ ಹೇಳಿದಾಗ ಮಾತ್ರ ಕ್ರಿಯೆ ಪೂರ್ಣಗೊಳ್ಳುತ್ತದೆ. ಮಗ್ಗಿ, ಪದ್ಯ, ಹಾಡು, ತಾಳ ಇವೆಲ್ಲವೂ ಪರಂಪರೆಯಿಂದ ಹೇಳಿಕೊಟ್ಟು ಬಂದ ವಿದ್ಯೆಗಳು.

ಈ ವ್ಯತ್ಯಾಸವು ಇತ್ತೀಚಿನ ದಶಕಗಳಲ್ಲಿ ರೂಪುಗೊಂಡ ಒಂದು ಹೊಸ ಮಾಧ್ಯಮದಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ. ಸಂಗೀತದ ಲಯಕ್ಕೆ ಹೊಂದಿಕೊಂಡು ಗುಂಡಿ ಒತ್ತುವ, ಹೆಜ್ಜೆ ಹಾಕುವ ಅಥವಾ ಡೋಲು ಬಾರಿಸುವ ವಿಡಿಯೊ ಗೇಮ್‌ಗಳನ್ನು ಲಯಪ್ರಧಾನ ಆಟಗಳೆಂದು ಕರೆಯಬಹುದು. ಇವು ಮುಖ್ಯವಾಗಿ ಜಪಾನಿನಲ್ಲಿ ೧೯೯೦ರ ದಶಕದ ಉತ್ತರಾರ್ಧದಲ್ಲಿ ಬೆಳೆದವು. ಆಟವನ್ನು ಆಡುವ ಕ್ರಮವನ್ನು ಹೊಸಬನಿಗೆ ಪರಿಚಯಿಸುವ ಪಾಠಭಾಗ, ಅಂದರೆ ಟ್ಯುಟೋರಿಯಲ್, ಇಂತಹ ಆಟಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬೋಧನೆ ಮತ್ತು ಭಾಷೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಗುಂಡಿ ಮತ್ತು ಗಳಿಗೆ

ಸಾಮಾನ್ಯ ಆಟಗಳಲ್ಲಿ ಪಾಠಭಾಗದ ಹೊಣೆ ಸರಳವಾದುದು. ಯಾವ ಗುಂಡಿಯಿಂದ ಪಾತ್ರವು ಜಿಗಿಯುತ್ತದೆ, ಯಾವುದರಿಂದ ಬಾಗಿಲು ತೆರೆಯುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಿದರೆ ಸಾಕು. ಲಯಪ್ರಧಾನ ಆಟದಲ್ಲಿ ಸರಿಯಾದ ಗುಂಡಿಯನ್ನು ಒತ್ತಿದರೂ ತಪ್ಪಾಗಬಹುದು. ಗಳಿಗೆಗೆ ಮೊದಲು ಒತ್ತಿದರೂ ತಪ್ಪು, ಅನಂತರ ಒತ್ತಿದರೂ ತಪ್ಪು. ಇಲ್ಲಿ ನಿಯಂತ್ರಣವೆಂಬುದು ಗುಂಡಿ ಮತ್ತು ಗಳಿಗೆ ಎರಡೂ ಕೂಡಿದ ಸಂಗತಿ.

ಕೊನಾಮಿ ಸಂಸ್ಥೆಯು ೧೯೯೮ರಲ್ಲಿ ಹೊರತಂದ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ನೃತ್ಯದ ಆಟ ಇದಕ್ಕೆ ನಿದರ್ಶನ. ಕಾಲಡಿಯ ಫಲಕದಲ್ಲಿ ನಾಲ್ಕು ದಿಕ್ಕಿನ ನಾಲ್ಕು ಬಾಣಗಳಿವೆ. ಪರದೆಯ ಕೆಳಗಿನಿಂದ ಮೇಲಕ್ಕೇರುವ ಬಾಣವು ಮೇಲ್ತುದಿಯ ಸ್ಥಿರವಾದ ಗುರುತಿನಲ್ಲಿ ಕೂಡಿದಾಗ ಆ ದಿಕ್ಕಿನ ಬಾಣವನ್ನು ತುಳಿಯಬೇಕು. ನಿಯಮ ಇಷ್ಟೇ. ಅದನ್ನು ಓದಿ ಅರ್ಥಮಾಡಿಕೊಂಡವನ ಕಾಲು ಮಾತ್ರ ಬಹುಕಾಲ ಆ ನಿಯಮವನ್ನು ಪಾಲಿಸುವುದಿಲ್ಲ. ನಿಂಟೆಂಡೊ ಸಂಸ್ಥೆಯ ‘ರಿಜುಮು ತೆಂಗೊಕು’ ಸರಣಿಯಲ್ಲಿ ೨೦೧೧ರಲ್ಲಿ ಜಪಾನಿನಲ್ಲಿ ಪ್ರಕಟವಾದ ವೀ ಯಂತ್ರದ ಆಟವು ಇನ್ನೂ ಮುಂದೆ ಹೋಗಿ, ಒಂದು ಗುಂಡಿಯನ್ನು ಒತ್ತುವುದು ಮತ್ತು ಎರಡು ಗುಂಡಿಗಳನ್ನು ಒಟ್ಟಿಗೆ ಹಿಡಿಯುವುದು ಎಂಬ ಎರಡೇ ಚಲನೆಗಳಿಗೆ ತನ್ನನ್ನು ಸೀಮಿತಗೊಳಿಸಿಕೊಂಡಿತು. ಗುಂಡಿಯ ಬಗೆಗೆ ಕಲಿಸಬೇಕಾದುದು ಬಹುಮಟ್ಟಿಗೆ ಇಲ್ಲವಾದಾಗ ಉಳಿಯುವುದು ಗಳಿಗೆಯ ಪಾಠ.

ಗಳಿಗೆಯನ್ನು ಕಲಿಸಲು ಯಂತ್ರವೂ ಗಳಿಗೆಗೆ ಸರಿಯಾಗಿರಬೇಕು. ಆಧುನಿಕ ದೂರದರ್ಶನ ಯಂತ್ರಗಳು ಚಿತ್ರವನ್ನು ಸಂಸ್ಕರಿಸಿ ತೋರಿಸುವಲ್ಲಿ ತುಸು ವಿಳಂಬ ಮಾಡುತ್ತವೆ. ಹೀಗಾಗಿ ಅನೇಕ ಆಟಗಳು ಆರಂಭದಲ್ಲಿಯೇ ಮಿಡಿತವೊಂದಕ್ಕೆ ಸರಿಯಾಗಿ ಗುಂಡಿ ಒತ್ತಲು ಹೇಳಿ, ಆ ವಿಳಂಬವನ್ನು ಅಳೆದು ಸರಿದೂಗಿಸುತ್ತವೆ. ಪಾಠಕ್ಕೆ ಮುನ್ನ ಶ್ರುತಿ ಸೇರಿಸಿಕೊಳ್ಳುವ ಕೆಲಸಕ್ಕೆ ಇದನ್ನು ಹೋಲಿಸಬಹುದು.

೩. ತಿಳಿಸುವುದು, ತೋರಿಸುವುದು ಮತ್ತು ಕಾಲದ ಏಣಿ

ಅಮೆರಿಕದ ಹಾರ್ಮೋನಿಕ್ಸ್ ಸಂಸ್ಥೆ ಸಿದ್ಧಪಡಿಸಿದ ‘ಗಿಟಾರ್ ಹೀರೊ’ (೨೦೦೫) ಆಟದಲ್ಲಿ ಗಿಟಾರಿನ ಆಕಾರದ ಉಪಕರಣವಿದೆ. ಎಡಗೈ ಬೆರಳುಗಳಿಗೆ ಐದು ಬಣ್ಣದ ಗುಂಡಿಗಳು, ಬಲಗೈಗೆ ಮೀಟುವ ಒಂದು ಪಟ್ಟಿ. ಇದರ ಪಾಠಭಾಗ ಮುಖ್ಯ ಆಟದಿಂದ ಪ್ರತ್ಯೇಕವಾದುದು. ಉಪಕರಣವನ್ನು ಹಿಡಿಯುವ ಬಗೆಯನ್ನು, ಗುಂಡಿ ಹಿಡಿದು ಪಟ್ಟಿ ಮೀಟುವ ಬಗೆಯನ್ನು ಅದು ತಿಳಿಸುತ್ತದೆ ಮತ್ತು ತೋರಿಸುತ್ತದೆ. ನಿಜವಾದ ಕಲಿಕೆ ಆಗುವುದು ಅಲ್ಲಿಯಲ್ಲ, ಕಠಿಣತೆಯ ಮೆಟ್ಟಿಲುಗಳಲ್ಲಿ. ಅತ್ಯಂತ ಸುಲಭದ ಮೆಟ್ಟಿಲಿನಲ್ಲಿ ಮೂರು ಗುಂಡಿಗಳು, ಮುಂದಿನದರಲ್ಲಿ ನಾಲ್ಕು, ಮೇಲಿನ ಎರಡರಲ್ಲಿ ಐದೂ ಗುಂಡಿಗಳು ಬಳಕೆಗೆ ಬರುತ್ತವೆ. ೨೦೦೬ರ ಎರಡನೆಯ ಆವೃತ್ತಿಯು ಹಾಡಿನ ಒಂದು ಭಾಗವನ್ನು ಮಾತ್ರ ಆಯ್ದು ನಿಧಾನಗತಿಯಲ್ಲಿ ಅಭ್ಯಾಸ ಮಾಡುವ ಸೌಲಭ್ಯವನ್ನೂ ಸೇರಿಸಿತು.

ಈ ಎರಡು ವಿಧಾನಗಳ ಅಂತರವನ್ನು ಕರ್ನಾಟಕ ಸಂಗೀತದ ಪ್ರಾಥಮಿಕ ಪಾಠಗಳ ಹಿನ್ನೆಲೆಯಲ್ಲಿ ಗುರುತಿಸಬಹುದು. ಸರಳೆವರಸೆಗಳನ್ನು ಮೂರು ಕಾಲಗಳಲ್ಲಿ ಹಾಡಿಸುವಾಗ ತಾಳದ ನಡೆ ಬದಲಾಗುವುದಿಲ್ಲ. ಎರಡನೆಯ ಕಾಲದಲ್ಲಿ ಪ್ರತಿ ಎಣಿಕೆಗೆ ಸ್ವರಗಳು ಇಮ್ಮಡಿಯಾಗುತ್ತವೆ, ಮೂರನೆಯದರಲ್ಲಿ ನಾಲ್ಮಡಿಯಾಗುತ್ತವೆ. ಗಿಟಾರ್ ಹೀರೊ ಆಟದ ಕಠಿಣತೆಯ ಮೆಟ್ಟಿಲು ಇದಕ್ಕೆ ಸಮೀಪವಾದುದು: ಹಾಡಿನ ವೇಗ ಎಲ್ಲ ಮೆಟ್ಟಿಲುಗಳಲ್ಲಿಯೂ ಒಂದೇ, ನುಡಿಸಬೇಕಾದ ಸ್ವರಗಳ ದಟ್ಟಣೆ ಮಾತ್ರ ಏರುತ್ತದೆ. ನಿಧಾನಗತಿಯ ಅಭ್ಯಾಸದಲ್ಲಾದರೋ ಹಾಡೇ ನಿಧಾನವಾಗುತ್ತದೆ. ಮೊದಲನೆಯದು ಕಲಿಯುವವನನ್ನು ಆರಂಭದಿಂದಲೇ ನಿಜವಾದ ಕಾಲದೊಳಗೆ ನಿಲ್ಲಿಸಿ ಅವನ ಹೊರೆಯನ್ನು ಇಳಿಸುತ್ತದೆ. ಎರಡನೆಯದು ಹೊರೆಯನ್ನು ಹಾಗೆಯೇ ಇಟ್ಟು ಕಾಲವನ್ನು ಹಿಗ್ಗಿಸುತ್ತದೆ. ಬೆರಳಿನ ಚಲನೆಯನ್ನು ರೂಢಿಸಿಕೊಳ್ಳಲು ಎರಡನೆಯದು ಉಪಯುಕ್ತ. ಲಯಪ್ರಜ್ಞೆ ಬೆಳೆಯುವುದು ಮೊದಲನೆಯದರಿಂದ.

೪. ಹೇಳಿಕೊಡುವ ಗುರು

೧೯೯೬ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಪ್ರಕಟವಾದ ‘ಪರಾಪ್ಪ ದಿ ರ‍್ಯಾಪರ್’ ಈ ಪ್ರಕಾರದ ಆರಂಭಿಕ ಕೃತಿಗಳಲ್ಲಿ ಪ್ರಮುಖವಾದುದು. ಸಂಗೀತಗಾರ ಮಸಾಯ ಮತ್ಸುರಾ ಅವರ ನಾನಾಓನ್‌ಶಾ ಸಂಸ್ಥೆ ಇದನ್ನು ರೂಪಿಸಿತು. ಪಾತ್ರಗಳ ಚಿತ್ರಗಳು ಅಮೆರಿಕದ ಕಲಾವಿದ ರಾಡ್ನಿ ಗ್ರೀನ್‌ಬ್ಲಾಟ್ ಅವರವು. ಈ ಆಟದಲ್ಲಿ ಕತೆಯೇ ಕಲಿಕೆಯ ಕತೆ. ಪರಾಪ್ಪನೆಂಬ ನಾಯಿಮರಿ ಒಬ್ಬೊಬ್ಬ ಗುರುವಿನ ಬಳಿಗೆ ಹೋಗುತ್ತದೆ. ಈರುಳ್ಳಿ ತಲೆಯ ಗುರುವಿನಿಂದ ಕುಂಗ್‌ಫು, ಮತ್ತೊಬ್ಬರಿಂದ ವಾಹನ ಚಾಲನೆ, ಕೋಳಿಯೊಂದರಿಂದ ಅಡುಗೆ, ಹೀಗೆ ಹಲವು ಹಂತಗಳು ಪಾಠಗಳೇ.

ಗುರು ತಾಳಬದ್ಧವಾಗಿ ಒಂದು ಸಾಲನ್ನು ಹೇಳುತ್ತಾನೆ. ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ ಗುಂಡಿಗಳ ಗುರುತುಗಳು ಸಾಗುತ್ತವೆ. ಅನಂತರ ಆಟಗಾರನು ಅದೇ ಕ್ರಮದಲ್ಲಿ ಗುಂಡಿಗಳನ್ನು ಒತ್ತಿದರೆ ಪರಾಪ್ಪ ಆ ಸಾಲನ್ನು ಮರಳಿ ಹೇಳುತ್ತದೆ. ಒಬ್ಬಳು ಸೊಲ್ಲೆತ್ತಿ ಉಳಿದವರು ಅದನ್ನು ಹಿಂದೆ ಹೇಳುವ ಜನಪದ ಗಾಯನದ ಕ್ರಮವನ್ನು ಬಲ್ಲವರಿಗೆ ಈ ರಚನೆ ಅಪರಿಚಿತವೆನಿಸದು. ಇಲ್ಲಿ ಪಾಠ ಬೇರೆ, ಆಟ ಬೇರೆ ಎಂಬ ಭೇದವಿಲ್ಲ. ಜಪಾನೀ ಆವೃತ್ತಿಯಲ್ಲಿಯೂ ಈ ಹಾಡುಗಳು ಇಂಗ್ಲಿಷಿನಲ್ಲಿಯೇ ಇದ್ದು, ಜಪಾನೀ ಅಡಿಬರಹವಿತ್ತು ಎಂಬುದು ಗಮನಾರ್ಹ. ಸಾಲಿನ ಅರ್ಥ ಹೊಳೆಯದಿದ್ದರೂ ಅದರ ಲಯವನ್ನು ಮರಳಿಸಬಹುದು.

ಈ ಆಟದ ಮೌಲ್ಯಮಾಪನ ಇನ್ನೂ ಅರ್ಥಪೂರ್ಣವಾದುದು. ಆಟಗಾರನ ಸ್ಥಿತಿಯನ್ನು ನಾಲ್ಕು ದರ್ಜೆಗಳಲ್ಲಿ ಸೂಚಿಸಲಾಗುತ್ತದೆ. ಅತ್ಯುನ್ನತ ದರ್ಜೆಯನ್ನು ತಲುಪಿದಾಗ ಗುರು ದೃಶ್ಯದಿಂದ ನಿರ್ಗಮಿಸುತ್ತಾನೆ ಮತ್ತು ಆಟಗಾರನು ತನ್ನದೇ ಲಯವಿನ್ಯಾಸಗಳನ್ನು ಸ್ವತಂತ್ರವಾಗಿ ರಚಿಸಿಕೊಳ್ಳಬೇಕಾಗುತ್ತದೆ. ಆ ದರ್ಜೆಗೆ ಏರಲು ಕೂಡ ಗುರುವಿನ ಸಾಲನ್ನು ಯಥಾವತ್ತಾಗಿ ಒಪ್ಪಿಸುವುದು ಸಾಲದು; ಅದನ್ನು ಲಯದೊಳಗೆ ಬೆಳೆಸಬೇಕು. ಅನುಕರಣೆಯಿಂದ ಆರಂಭವಾದ ಪಾಠವು ಮನೋಧರ್ಮದಲ್ಲಿ ಮುಗಿಯುವ ಈ ವ್ಯವಸ್ಥೆ ಅನಂತರದ ಅನೇಕ ಆಟಗಳಲ್ಲಿ ಕಾಣದೆ ಹೋಯಿತು. ನಿಗದಿತ ಗಳಿಗೆಗೆ ಎಷ್ಟು ಸಮೀಪವಾಗಿ ಒತ್ತಲಾಯಿತು ಎಂಬ ಅಳತೆಯೇ ಅವುಗಳಲ್ಲಿ ಮುಖ್ಯವಾಯಿತು.

೫. ಬಾಯಿತಾಳ ಮತ್ತು ಮಾತ್ರೆ

ನಾಮ್ಕೊ ಸಂಸ್ಥೆಯು ೨೦೦೧ರಲ್ಲಿ ಪ್ರಕಟಿಸಿದ ‘ತೈಕೊ ನೊ ತತ್ಸುಜಿನ್’ ಡೋಲಿನ ಆಟ. ತೈಕೊ ಜಪಾನಿನ ಸಾಂಪ್ರದಾಯಿಕ ಚರ್ಮವಾದ್ಯ. ಪರದೆಯ ಬಲದಿಂದ ಎಡಕ್ಕೆ ಕೆಂಪು ಮತ್ತು ನೀಲಿ ಬಿಲ್ಲೆಗಳು ಸಾಗುತ್ತವೆ. ಕೆಂಪು ಬಂದರೆ ಡೋಲಿನ ಮಧ್ಯಕ್ಕೆ, ನೀಲಿ ಬಂದರೆ ಅಂಚಿಗೆ ಹೊಡೆಯಬೇಕು. ಮಧ್ಯದ ಪೆಟ್ಟಿಗೆ ‘ದೊನ್’, ಅಂಚಿನ ಪೆಟ್ಟಿಗೆ ‘ಕ’ ಎಂದು ಹೆಸರು. ಹೆಸರೇ ನಾದದ ಅನುಕರಣೆಯಾಗಿರುವುದರಿಂದ ಅದನ್ನು ಉಚ್ಚರಿಸುವುದೂ ವಾದ್ಯವನ್ನು ಬಾಯಲ್ಲಿ ನುಡಿಸುವುದೂ ಒಂದೇ ಆಗುತ್ತದೆ. ಕನ್ನಡ ವ್ಯಾಕರಣದ ಅನುಕರಣಾವ್ಯಯಗಳ ಸಾಲಿಗೆ ಸೇರುವ ಇಂತಹ ಪದಗಳು ಇಲ್ಲಿ ಬೋಧನೆಯ ಸಾಧನಗಳಾಗಿವೆ.

ಬಿಲ್ಲೆಗಳ ಕೆಳಗೆ ಈ ಅಕ್ಷರಗಳು ಬರಹರೂಪದಲ್ಲಿಯೂ ಕಾಣಿಸುತ್ತವೆ. ಒತ್ತೊತ್ತಾಗಿ ಬರುವ ಪೆಟ್ಟುಗಳಿಗೆ ‘ದೊ’, ‘ಕೊ’, ‘ಕ’ ಎಂಬ ಹ್ರಸ್ವ ರೂಪಗಳು. ಅನಂತರ ಬಿಡುವಿರುವ ಪೆಟ್ಟಿಗೆ ‘ದೊನ್’, ‘ಕತ್’ ಎಂಬ ವ್ಯಂಜನಾಂತ ರೂಪಗಳು. ಹೀಗಾಗಿ ‘ದೊ ಕೊ ದೊನ್’ ಎಂದು ಓದಿದ ಕೂಡಲೇ ಮೊದಲ ಎರಡು ಪೆಟ್ಟುಗಳು ಬೇಗ ಬೇಗನೆ ಬೀಳಬೇಕು, ಮೂರನೆಯದರ ಬಳಿಕ ಕೈ ನಿಲ್ಲಬೇಕು ಎಂಬುದು ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಕನ್ನಡ ಛಂದಸ್ಸಿನ ಪರಿಭಾಷೆಯಲ್ಲಿ ‘ದೊ’ ಲಘು, ‘ದೊನ್’ ಗುರು. ಒಂದಕ್ಕೆ ಒಂದು ಮಾತ್ರೆ, ಮತ್ತೊಂದಕ್ಕೆ ಎರಡು. ಜಪಾನೀ ಭಾಷೆಯ ಎಣಿಕೆಯಲ್ಲಿಯೂ ‘ದೊನ್’ ಎರಡು ಘಟಕಗಳ ಕಾಲಾವಧಿಯುಳ್ಳದ್ದು. ಎಲ್ಲಿ ಹೊಡೆಯಬೇಕು, ಎಷ್ಟು ಕಾಲ ಕಾಯಬೇಕು ಎಂಬ ಎರಡು ಸೂಚನೆಗಳನ್ನೂ ಒಂದೇ ಅಕ್ಷರ ಹೊತ್ತು ನಿಂತಿದೆ.

ಇದು ಆಟದ ತಯಾರಕರು ಹೊಸದಾಗಿ ಕಂಡುಹಿಡಿದ ವಿಧಾನವಲ್ಲ. ವಾದ್ಯದ ಪಾಠವನ್ನು ಬಾಯಿಪಾಠದ ಮೂಲಕ ದಾಟಿಸುವ ‘ಕುಚಿ ಶೋಗ’ ಎಂಬ ಕ್ರಮ ಜಪಾನಿನ ಸಂಗೀತ ಪರಂಪರೆಯಲ್ಲಿದೆ. ಮೃದಂಗದ ‘ತ ದಿ ತೊಂ ನಂ’ ಪಾಠವೂ ಯಕ್ಷಗಾನದ ಬಾಯಿತಾಳವೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ಈ ಪರಂಪರೆಗಳ ನಡುವೆ ಐತಿಹಾಸಿಕ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಕೈಗೆ ಕಲಿಸಬೇಕಾದುದನ್ನು ಮೊದಲು ಬಾಯಿಗೆ ಕಲಿಸುವುದು ಲಯಶಿಕ್ಷಣದ ಅಗತ್ಯದಿಂದಲೇ ಹುಟ್ಟಿದ ಮಾರ್ಗವೆಂದು ತಿಳಿಯುವುದು ಉಚಿತ.

೬. ಆಧಾರವನ್ನು ಹಿಂತೆಗೆಯುವುದು

ಸಂಗೀತಗಾರ ತ್ಸುಂಕು ಅವರ ಸಹಯೋಗದಲ್ಲಿ ನಿಂಟೆಂಡೊ ರೂಪಿಸಿದ ‘ರಿಜುಮು ತೆಂಗೊಕು’ ಸರಣಿಯ ಮೊದಲ ಕೃತಿ ೨೦೦೬ರಲ್ಲಿ ಜಪಾನಿನಲ್ಲಿ ಪ್ರಕಟವಾಯಿತು. ಇದು ಅನೇಕ ಕಿರು ಆಟಗಳ ಸಂಕಲನ. ಹೊಸ ಆಟಕ್ಕೆ ಮುನ್ನ ಒಂದು ಚಿಕ್ಕ ಅಭ್ಯಾಸವಿರುತ್ತದೆ. ಒಂದು ಆಟದಲ್ಲಿ ಮೂವರು ಸಾಲಾಗಿ ಚಪ್ಪಾಳೆ ತಟ್ಟುತ್ತಾರೆ. ಮೊದಲ ಇಬ್ಬರು ಯಂತ್ರದವರು, ಮೂರನೆಯವನು ಆಟಗಾರ. ಇಬ್ಬರ ಚಪ್ಪಾಳೆಯ ನಡುವಿನ ಅಂತರವೇ ಮೂರನೆಯದರ ಗಳಿಗೆಯನ್ನು ನಿರ್ಧರಿಸುತ್ತದೆ. ಮತ್ತೊಂದರಲ್ಲಿ ತರಕಾರಿಯ ಮೇಲೆ ಕೂದಲುಗಳು ಒಂದು ಲಯದಲ್ಲಿ ಮೊಳೆಯುತ್ತವೆ. ಅದೇ ಲಯದಲ್ಲಿ ಅವುಗಳನ್ನು ಚಿಮಟಿಗೆಯಿಂದ ಕೀಳಬೇಕು. ಮಾತೇ ಇಲ್ಲದ ಈ ಪಾಠದಲ್ಲಿಯೂ ಇರುವುದು ಹೇಳಿಕೊಟ್ಟು ಹೇಳಿಸುವ ರಚನೆಯೇ.

ಕಲಿತ ಮೇಲೆ ಆಧಾರಗಳು ಕಡಿಮೆಯಾಗುತ್ತವೆ. ಸರಣಿಯ ಕೆಲವು ಆಟಗಳು ದೃಶ್ಯವನ್ನೇ ಮರೆಮಾಡಿ ಆಟಗಾರನು ಕಿವಿಯನ್ನು ನಂಬುವಂತೆ ಮಾಡುತ್ತವೆ. ಸೋತವನ ಬಗೆಗೂ ಇಲ್ಲಿ ಯೋಚನೆಯಿದೆ. ೨೦೦೮ರ ಡಿ.ಎಸ್. ಆವೃತ್ತಿಯಲ್ಲಿ ಒಂದೇ ಆಟದಲ್ಲಿ ಮತ್ತೆ ಮತ್ತೆ ಸೋತವನಿಗೆ ಕೆಫೆಯ ಯಜಮಾನನು ಆ ಆಟವನ್ನು ಬಿಟ್ಟು ಮುಂದುವರಿಯಲು ಅನುಮತಿ ನೀಡುತ್ತಾನೆ. ಆದರೆ ಕಿವಿಯನ್ನೇ ಪರಮ ಪ್ರಮಾಣವಾಗಿಸಿಕೊಂಡ ಬೋಧನೆಯು ಶ್ರವಣದೋಷವುಳ್ಳವರನ್ನು ಹೊರಗಿಡುತ್ತದೆ. ಅವರಿಗೆ ಬಾಣವೋ ಬಿಲ್ಲೆಯೋ ಸಾಗುವ ದೃಶ್ಯಪ್ರಧಾನ ಆಟಗಳು ಹೆಚ್ಚು ಸುಗಮ. ಯಾವ ಆಧಾರವನ್ನು ಹಿಂತೆಗೆಯಬೇಕು ಎಂಬುದನ್ನು ಕಲಿಯುವವನನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ.

೭. ಭಾಷಾಂತರದ ಪ್ರಶ್ನೆ

ಇಂತಹ ಪಾಠವನ್ನು ಕನ್ನಡಕ್ಕೆ ತರುವುದಾದರೆ ಎದುರಾಗುವ ಸಮಸ್ಯೆ ಭಾಷಾಧ್ಯಯನಕ್ಕೆ ನೇರವಾಗಿ ಸಂಬಂಧಿಸಿದುದು. ಮಧ್ಯಕ್ಕೆ ಹೊಡೆಯಬೇಕೆಂಬ ಸೂಚನಾವಾಕ್ಯವನ್ನು ಅರ್ಥಾನುಸಾರವಾಗಿ ಅನುವಾದಿಸಬಹುದು. ಮಿಡಿತದ ಮೇಲೆ ಬೀಳುವ ಆಜ್ಞೆಯನ್ನು ಮಾತ್ರೆಗೆ ಅನುಸಾರವಾಗಿಯೇ ತರಬೇಕು. ಕನ್ನಡದ ಮಧ್ಯಮಪುರುಷ ಏಕವಚನದ ವಿಧಿರೂಪವು ಬಹುಮಟ್ಟಿಗೆ ಧಾತುವೇ ಆಗಿರುವುದು ಇಲ್ಲಿ ಅನುಕೂಲಕರ. ‘ಹೊಡೆ’, ‘ಒದೆ’ ಎರಡು ಮಾತ್ರೆಗಳವು. ‘ತಿರುಗು’, ‘ಬಗ್ಗು’, ‘ಹಾರು’ ಮೂರು ಮಾತ್ರೆಗಳವು. ಪಠ್ಯಪುಸ್ತಕದ ಗೌರವರೂಪವನ್ನು ಬಳಸಿ ‘ಹೊಡೆಯಿರಿ’ ಎಂದರೆ ಮಾತ್ರೆ ನಾಲ್ಕಾಗಿ ಪೆಟ್ಟಿನ ಗಳಿಗೆ ದಾಟಿಹೋಗುತ್ತದೆ. ಶಿಷ್ಟಾಚಾರಕ್ಕೂ ಲಯಕ್ಕೂ ಇಲ್ಲಿ ವಿರೋಧವಿದೆ. ಅರ್ಥದಲ್ಲಿ ನಿಷ್ಠವಾದ ಅನುವಾದವು ಲಯದಲ್ಲಿ ತಪ್ಪಾದರೆ ಕಲಿಯುವವನಿಗೆ ತಪ್ಪು ಗಳಿಗೆಯನ್ನೇ ಕಲಿಸುತ್ತದೆ. ಪಾಠದ ಬರಹ ಮಾತ್ರ ಕನ್ನಡವಾಗಿ, ಆಜ್ಞೆಯ ದನಿ ಅನ್ಯಭಾಷೆಯಲ್ಲಿಯೇ ಉಳಿದರೆ ತಿಳಿಸುವುದಷ್ಟೇ ಕನ್ನಡದ ಪಾಲಿಗೆ ಬಂದು, ಹೇಳಿಕೊಡುವುದು ಕೈತಪ್ಪುತ್ತದೆ.

೮. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಲಯಪ್ರಧಾನ ಆಟದಲ್ಲಿ ಗುಂಡಿಯನ್ನು ತಿಳಿಸಬಹುದು, ಚಲನೆಯನ್ನು ತೋರಿಸಬಹುದು, ಗಳಿಗೆಯನ್ನು ಮಾತ್ರ ಹೇಳಿಕೊಡಬೇಕಾಗುತ್ತದೆ. ಹೇಳಿಕೊಡುವ ನುಡಿ ತಾನೂ ಕಾಲಬದ್ಧವಾಗಿದ್ದಾಗ ಅದು ಸಫಲವಾಗುತ್ತದೆ. ಅದಕ್ಕೆ ಅರ್ಥಕ್ಕಿಂತ ಮಾತ್ರೆ ಮುಖ್ಯ. ಯಂತ್ರದ ಗುರುವಿನ ಪರೀಕ್ಷೆ ಅವನು ಹಿಂದೆ ಸರಿದ ಮೇಲೆ ಶಿಷ್ಯನು ಏನು ನುಡಿಸುತ್ತಾನೆ ಎಂಬುದರಲ್ಲಿದೆ. ಗಳಿಗೆಯ ನಿಖರತೆಯನ್ನಷ್ಟೇ ಅಳೆಯುವ ಆಟಗಳು ಒಳ್ಳೆಯ ಹಿಮ್ಮೇಳದವರನ್ನು ಸಿದ್ಧಪಡಿಸಬಲ್ಲವು. ಸೊಲ್ಲೆತ್ತುವವರನ್ನು ಸಿದ್ಧಪಡಿಸಲು ಮರುದನಿಯ ಜೊತೆಗೆ ಶಿಷ್ಯನ ಸ್ವಂತ ದನಿಯನ್ನೂ ಗುರುತಿಸಬಲ್ಲ ಪಾಠ ಬೇಕು. ೧೯೯೬ರ ಆಟವೊಂದು ಅಂತಹ ಪಾಠವನ್ನು ಮಿತವಾದ ಪ್ರಮಾಣದಲ್ಲಾದರೂ ಸಾಧಿಸಿ ತೋರಿಸಿದೆ.