ಜಲ್ಲಿ ತರಿಸುವ ಮುನ್ನ ಅಳತೆ ಗೊತ್ತಿರಲಿ

ಮನೆ ಕಟ್ಟುವವರು ಸಿಮೆಂಟ್ ಯಾವುದು ಒಳ್ಳೆಯದು, ಕಂಬಿ ಯಾವ ಕಂಪನಿಯದು ತರಬೇಕು ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಜಲ್ಲಿಯ ಮಾತು ಬಂದಾಗ ಮಾತ್ರ ‘ಒಂದು ಲೋಡು ಕಳಿಸಿಬಿಡಿ’ ಎಂದು ಫೋನಿನಲ್ಲೇ ಮುಗಿಸುತ್ತಾರೆ. ಕಾಂಕ್ರೀಟಿನಲ್ಲಿ ಅತಿ ದೊಡ್ಡ ಪಾಲು ಜಲ್ಲಿಯದೇ. ಅದರ ಅಳತೆ ತಪ್ಪಿದರೆ, ಮೈಗೆ ಮಣ್ಣು ಮೆತ್ತಿಕೊಂಡಿದ್ದರೆ, ಸಿಮೆಂಟ್ ಎಷ್ಟೇ ಒಳ್ಳೆಯದಿರಲಿ ತಾರಸಿ ಸೋರುತ್ತದೆ, ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ಆಮೇಲೆ ಒಡೆದು ಸರಿಮಾಡುವಂಥ ತಪ್ಪಲ್ಲ ಅದು. ಆದ್ದರಿಂದ ಲೋಡು ಬಂದು ನಿಲ್ಲುವ ಮೊದಲೇ ಕೆಲವು ಸಂಗತಿ ತಿಳಿದಿರಬೇಕು.

ಮೊದಲನೆಯದು ಹೆಸರಿನದು. ನಮ್ಮ ಬಹಳಷ್ಟು ಊರುಗಳಲ್ಲಿ ‘ಗ್ರಾವೆಲ್’ ಎಂದು ಹೇಳಿದರೆ ಕಲ್ಲುಹರಳು ಬೆರೆತ ಕೆಂಪು ಗರಸು ಮಣ್ಣು ಬಂದು ಬೀಳುತ್ತದೆ. ಪಾಯದ ಒಳಗೆ ತುಂಬಲು, ಹೊಲದ ದಾರಿಗೆ ಹಾಕಲು ಅದು ಒಳ್ಳೆಯದೇ. ಕಾಂಕ್ರೀಟಿಗೆ ಮಾತ್ರ ಒಂದು ಬುಟ್ಟಿಯೂ ಸೇರಬಾರದು. ಕಾಂಕ್ರೀಟಿಗೆ ಬೇಕಿರುವುದು ಕ್ರಷರ್‌ನಲ್ಲಿ ಒಡೆದ ಜಲ್ಲಿ. ಉತ್ತರ ಕರ್ನಾಟಕದಲ್ಲಿ ಇದನ್ನೇ ಕಡಿ ಎನ್ನುತ್ತಾರೆ. ಹಾಗಾಗಿ ಹೆಸರಿನ ಜೊತೆ ಅಳತೆಯನ್ನೂ ಹೇಳಿ: 40 ಎಂಎಂ, 20 ಎಂಎಂ, 12 ಎಂಎಂ. ಮೇಸ್ತ್ರಿಗಳ ಬಾಯಲ್ಲಿ ಇವೇ ಒಂದೂವರೆ ಇಂಚು, ಮುಕ್ಕಾಲು ಇಂಚು, ಅರ್ಧ ಇಂಚು. ಅದಕ್ಕೂ ಸಣ್ಣದು ಬೇಬಿ ಜಲ್ಲಿ.

ಯಾವ ಕೆಲಸಕ್ಕೆ ಯಾವುದು

ಪಾಯದ ಕೆಳಗೆ ಹಾಸುವ ಕಾಂಕ್ರೀಟಿಗೆ 40 ಎಂಎಂ ಸಾಕು. ಕಂಬ, ತೊಲೆ, ತಾರಸಿಗೆ 20 ಎಂಎಂ. ಇಲ್ಲಿ ನೆನಪಿಡಬೇಕಾದ ಒಂದು ಸೂತ್ರವಿದೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಜಲ್ಲಿಯ ಗಾತ್ರ ಕಾಂಕ್ರೀಟಿನ ಕನಿಷ್ಠ ದಪ್ಪದ ನಾಲ್ಕನೇ ಒಂದು ಭಾಗ ಮೀರಬಾರದು. ಐದು ಇಂಚಿನ ತಾರಸಿ ಎಂದರೆ 125 ಎಂಎಂ. ನಾಲ್ಕನೇ ಒಂದು ಭಾಗ 31 ಎಂಎಂ. ಅಲ್ಲಿಗೆ 20 ಎಂಎಂ ಸರಿ, 40 ಎಂಎಂ ಸಲ್ಲದು. ಮೂರು ಇಂಚಿನ ಸಜ್ಜಾ ಆದರೆ 75ರಲ್ಲಿ ನಾಲ್ಕನೇ ಒಂದು ಭಾಗ 19ರ ಒಳಗೇ ನಿಲ್ಲುತ್ತದೆ. ಅಲ್ಲಿಗೆ 12 ಎಂಎಂ ಜಲ್ಲಿಯೇ ಬೇಕು. ಸಜ್ಜಾ ಸಣ್ಣ ಕೆಲಸವೆಂದು ತಾರಸಿಗೆ ತಂದು ಉಳಿದ ಜಲ್ಲಿಯನ್ನೇ ಅದಕ್ಕೂ ಹಾಕುವುದು ಎಲ್ಲೆಲ್ಲೂ ನಡೆಯುತ್ತದೆ. ಕೆಲವೇ ವರ್ಷಗಳಲ್ಲಿ ಸಜ್ಜಾದ ತಳ ಉದುರಿ ಕಂಬಿ ಕಾಣುವುದಕ್ಕೆ ಇದೂ ಒಂದು ಕಾರಣ.

ಕಂಬಿಗಳ ನಡುವಿನ ಸಂದಿಯನ್ನೂ ನೋಡಬೇಕು. ಕಂಬಿ ಒತ್ತೊತ್ತಾಗಿ ಇರುವ ಕಡೆ ಜಲ್ಲಿಯ ಗಾತ್ರ ಆ ಸಂದಿಗಿಂತ ಕನಿಷ್ಠ 5 ಎಂಎಂ ಕಡಿಮೆ ಇರಲಿ. ತೊಲೆ ಮತ್ತು ಕಂಬ ಸೇರುವ ಜಾಗದಲ್ಲಿ ದಪ್ಪ ಜಲ್ಲಿ ಕಂಬಿಯ ಮೇಲೇ ಸಿಕ್ಕಿಕೊಂಡು ಕೆಳಗೆ ಟೊಳ್ಳು ಬೀಳುತ್ತದೆ. ಶೀಟ್ ಬಿಚ್ಚಿದ ಮೇಲೆ ಕಾಣುವ ಆ ತೂತುಗಳನ್ನು ಹೊರಗಿನಿಂದ ಗಾರೆ ಮೆತ್ತಿ ಮುಚ್ಚಿದರೆ ಒಳಗಿನ ಟೊಳ್ಳು ಹಾಗೆಯೇ ಉಳಿಯುತ್ತದೆ. ತಾರಸಿಗೆ 20 ಎಂಎಂ ಆರು ಪಾಲು, 12 ಎಂಎಂ ನಾಲ್ಕು ಪಾಲು ಬೆರೆಸಿದರೆ ದೊಡ್ಡ ಕಲ್ಲುಗಳ ನಡುವೆ ಸಣ್ಣವು ಕೂತು ಕಾಂಕ್ರೀಟ್ ಗಟ್ಟಿಯಾಗುತ್ತದೆ. ಅದಕ್ಕಾಗಿ ಎರಡು ಬಗೆಯದನ್ನು ತರಿಸುವ ಖರ್ಚು ದಂಡವಲ್ಲ.

ಎಷ್ಟು ಬೇಕು

ಲೆಕ್ಕ ಸುಲಭ. 30 ಅಡಿ ಉದ್ದ, 25 ಅಡಿ ಅಗಲ, ಐದು ಇಂಚು ದಪ್ಪದ ತಾರಸಿಗೆ ಸುಮಾರು 312 ಘನ ಅಡಿ ಕಾಂಕ್ರೀಟ್ ಬೇಕು. ಎಂ-20 ಎನ್ನುವ 1:1.5:3 ಮಿಶ್ರಣದಲ್ಲಿ 100 ಘನ ಅಡಿ ಕಾಂಕ್ರೀಟಿಗೆ ಸುಮಾರು 84 ಘನ ಅಡಿ ಜಲ್ಲಿ ಹಿಡಿಯುತ್ತದೆ. ಅಲ್ಲಿಗೆ 262 ಘನ ಅಡಿ. ಚೆಲ್ಲಿಹೋಗುವುದಕ್ಕೆಂದು ಇಪ್ಪತ್ತು ಸೇರಿಸಿ 280 ಎಂದಿಟ್ಟುಕೊಳ್ಳಿ. ತೊಲೆಗಳ ಲೆಕ್ಕ ಬೇರೆಯೇ ಹಾಕಬೇಕು. 100 ಘನ ಅಡಿಗೆ ಕೆಲವು ಕಡೆ ಒಂದು ಬ್ರಾಸ್ ಎನ್ನುತ್ತಾರೆ, ಕೆಲವು ಕಡೆ ಒಂದು ಯೂನಿಟ್. ದರ ಮಾತಾಡುವಾಗ ಯಾವುದರ ಲೆಕ್ಕ ಎಂದು ಮೊದಲೇ ಬಾಯಿಬಿಟ್ಟು ಕೇಳಿ.

ಲೋಡು ಬಂದಾಗ

ಟಿಪ್ಪರ್ ಎತ್ತುವ ಮೊದಲು ಚಾಲಕರಿಗೆ ಸ್ವಲ್ಪ ನಿಲ್ಲಲು ಹೇಳಿ, ಟೇಪು ಹಿಡಿದು ಹತ್ತಿ. ಅಳತೆ ತೊಟ್ಟಿಯ ಒಳಮೈಯದಾಗಬೇಕು, ಹೊರಗಿನ ತಗಡಿನದಲ್ಲ. 14 ಅಡಿ ಉದ್ದ, 7 ಅಡಿ ಅಗಲದ ತೊಟ್ಟಿಯಲ್ಲಿ ಮೂರು ಅಡಿ ಜಲ್ಲಿ ಇದ್ದರೆ 294 ಘನ ಅಡಿ. ಮೋಸ ನಡೆಯುವುದು ಎತ್ತರದಲ್ಲಿ. ನಡುವೆ ಗುಡ್ಡೆ ಎದ್ದು ಕಾಣುತ್ತದೆ, ಮೂಲೆಗಳು ತಗ್ಗಿರುತ್ತವೆ. ಗುದ್ದಲಿಯಿಂದ ಮೇಲ್ಭಾಗ ಸಮ ಮಾಡಿಸಿ, ಸಣ್ಣ ಕಂಬಿಯೊಂದನ್ನು ನಾಲ್ಕು ಮೂಲೆ ಮತ್ತು ನಡುವೆ ತಳ ಮುಟ್ಟುವವರೆಗೆ ಚುಚ್ಚಿ. ಐದೂ ಅಳತೆಯ ಸರಾಸರಿ ತೆಗೆಯಿರಿ. ಸರಾಸರಿ ಮೂರು ಇಂಚು ಕಡಿಮೆ ಬಂದರೆ ಆ ಒಂದೇ ಲೋಡಿನಲ್ಲಿ ಸುಮಾರು 24 ಘನ ಅಡಿ ಕಡಿಮೆ.

ತೂಕದ ಲೆಕ್ಕದಲ್ಲಿ ಕೊಳ್ಳುವವರು 100 ಘನ ಅಡಿ ಜಲ್ಲಿ ಹೆಚ್ಚುಕಡಿಮೆ 4ರಿಂದ 4.5 ಟನ್ ತೂಗುತ್ತದೆ ಎಂದು ತಿಳಿದಿದ್ದರೆ ಸಾಕು. ನೀರು ಹೊಡೆದ ಜಲ್ಲಿ ಹೆಚ್ಚು ತೂಗುತ್ತದೆ ಎಂಬುದೂ ಗೊತ್ತಿರಲಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ ಚೀಟಿಯನ್ನು ಕೇಳಿ ಪಡೆಯಿರಿ. ಕದ್ದು ಒಡೆದ ಕಲ್ಲಿಗೆ ಆ ಚೀಟಿ ಇರುವುದಿಲ್ಲ.

ಇನ್ನು ಗುಣ. ಎರಡು ಕೈ ತುಂಬ ಜಲ್ಲಿ ತೆಗೆದು ನೆಲದ ಮೇಲೆ ಹರಡಿ. ಘನವಾಗಿ, ಮೂಲೆ ಮೂಲೆಯಾಗಿ, ಒರಟಾಗಿರುವ ಕಲ್ಲು ಒಳ್ಳೆಯದು. ಬಿಲ್ಲೆಯಂತೆ ತೆಳ್ಳಗಿರುವುದು, ಬೆರಳುದ್ದ ಚಾಚಿಕೊಂಡಿರುವುದು ಬೇಡ. ಭಾರ ಬಿದ್ದಾಗ ಅವು ಲಟಕ್ಕನೆ ಮುರಿಯುತ್ತವೆ, ಅವುಗಳ ಅಡಿಯಲ್ಲಿ ನೀರು ನಿಲ್ಲುತ್ತದೆ. ಐಎಸ್ 383 ಇಂಥ ಚಪ್ಪಟೆ, ಉದ್ದ ಕಲ್ಲುಗಳೆರಡೂ ಸೇರಿ ಶೇ 40 ಮೀರಬಾರದು ಎನ್ನುತ್ತದೆ. ಹರಡಿದ ರಾಶಿಯಲ್ಲಿ ಅರ್ಧಕ್ಕರ್ಧ ಬಿಲ್ಲೆಗಳೇ ಕಂಡರೆ ಲೋಡು ವಾಪಸ್ ಕಳಿಸಿ. ಆಮೇಲೆ ಒಂದು ಹಿಡಿ ಜಲ್ಲಿಯನ್ನು ನೀರಿರುವ ಪಾತ್ರೆಗೆ ಹಾಕಿ ತಿರುವಿ. ನೀರು ಕೆಸರಾದರೆ ಮೈಗೆ ಧೂಳು ಹತ್ತಿದೆ ಎಂದರ್ಥ. ಸಿಮೆಂಟ್ ಹಿಡಿಯಬೇಕಾದದ್ದು ಕಲ್ಲನ್ನು. ನಡುವೆ ಧೂಳಿದ್ದರೆ ಅದು ಧೂಳನ್ನಷ್ಟೇ ಹಿಡಿಯುತ್ತದೆ. ಅಂಥ ಜಲ್ಲಿಯನ್ನು ತೊಳೆದೇ ಬಳಸಬೇಕು.

ಬಣ್ಣ ನೋಡಿ ಗಾಬರಿಯಾಗಬೇಡಿ. ಹಳೆ ಮೈಸೂರು ಕಡೆಯ ಜಲ್ಲಿ ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಶಿಲೆಯದು, ಬೂದು ಇಲ್ಲವೆ ನಸುಗೆಂಪು. ಬೆಳಗಾವಿ, ವಿಜಯಪುರ ಕಡೆಯದು ಜ್ವಾಲಾಮುಖಿಯ ಕರಿಗಲ್ಲು. ಎರಡೂ ಗಟ್ಟಿ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದೂ ನೈಸ್ ಶಿಲೆಯೇ. ಅಷ್ಟು ಹಳೆಯ ಕಲ್ಲನ್ನು ಒಡೆದು ತರಿಸುತ್ತಿದ್ದೇವೆ, ಬೇಕಾದಷ್ಟೇ ತರಿಸೋಣ ಎಂಬ ಕಾಳಜಿ ನಮ್ಮಲ್ಲಿರಬೇಕು.

ಕಲಸುವಾಗ

50 ಕೆ.ಜಿ. ಸಿಮೆಂಟ್ ಚೀಲದ ಗಾತ್ರ ಸುಮಾರು 35 ಲೀಟರ್. ಅಷ್ಟು ಹಿಡಿಯುವ ಪೆಟ್ಟಿಗೆಯೊಂದನ್ನು ಮಾಡಿಸಿ. ಎಂ-20ಕ್ಕೆ ಒಂದು ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಬಾಂಡ್ಲಿ ಲೆಕ್ಕ ನಂಬಬೇಡಿ. ಬೆಳಿಗ್ಗೆ ತುಂಬುವ ಬಾಂಡ್ಲಿಯೂ ಸಂಜೆ ತುಂಬುವ ಬಾಂಡ್ಲಿಯೂ ಒಂದೇ ಆಗುವುದಿಲ್ಲ. ಬಿಸಿಲಿಗೆ ಕಾದ ಒಣ ಜಲ್ಲಿ ಕಾಂಕ್ರೀಟಿನ ನೀರನ್ನೇ ಹೀರುತ್ತದೆ. ಹಿಂದಿನ ಸಂಜೆ ನೀರು ಹೊಡೆದಿಡಿ, ಆದರೆ ಬಳಸುವಾಗ ನೀರು ತೊಟ್ಟಿಕ್ಕುತ್ತಿರಬಾರದು.

ಕಾಂಕ್ರೀಟಿನಾಚೆ

ಮಳೆನೀರು ಇಂಗಿಸುವ ಗುಂಡಿಗೂ ಜಲ್ಲಿಯೇ ಆಧಾರ. ತಳದಲ್ಲಿ ದಪ್ಪ ಕಲ್ಲು, ಮೇಲೆ 40 ಎಂಎಂ, ಅದರ ಮೇಲೆ 20 ಎಂಎಂ, ಕೊನೆಗೆ ಜಾಲರಿ ಹಾಸಿ ಮರಳು. ಎಲ್ಲವನ್ನೂ ತೊಳೆದು ಹಾಕಬೇಕು. ಪ್ರತಿ ಮಳೆಗಾಲಕ್ಕೆ ಮುಂಚೆ ಮೇಲಿನ ಮರಳನ್ನು ತೆಗೆದು ತೊಳೆದರೆ ಕೆಳಗಿನ ಪದರ ವರ್ಷಗಟ್ಟಲೆ ಕಟ್ಟಿಕೊಳ್ಳುವುದಿಲ್ಲ.

ಅಂಗಳಕ್ಕೆ, ಕಾರು ನಿಲ್ಲಿಸುವ ಜಾಗಕ್ಕೆ ಹೊಳೆಯ ದುಂಡುಗಲ್ಲು ಚೆಂದ ಕಾಣುತ್ತದೆ, ಆದರೆ ಚಕ್ರದಡಿ ಜಾರುತ್ತದೆ. ಒಡೆದ ಜಲ್ಲಿಯ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ರೈಲು ಹಳಿಯ ಕೆಳಗೆ 65 ಎಂಎಂ ಒಡೆದ ಕಲ್ಲನ್ನೇ ಹಾಕುವುದಕ್ಕೂ ಇದು ಕಾರಣ: ಸ್ಲೀಪರ್ ಅಲುಗದಂತೆ ಹಿಡಿಯಬೇಕು, ನೀರೂ ಬಸಿದುಹೋಗಬೇಕು. ವಿದ್ಯುತ್ ಉಪಕೇಂದ್ರದ ಅಂಗಳದಲ್ಲಿ ಹರಡಿರುವ ಜಲ್ಲಿಯ ಕೆಲಸವೇ ಬೇರೆ. ನೆಲಕ್ಕೆ ವಿದ್ಯುತ್ ಇಳಿದಾಗ ಅಲ್ಲಿ ಓಡಾಡುವ ಸಿಬ್ಬಂದಿಯ ಕಾಲಿಗೆ ತಗಲುವ ಆಘಾತವನ್ನು ಅದು ತಗ್ಗಿಸುತ್ತದೆ, ಟ್ರಾನ್ಸ್‌ಫಾರ್ಮರಿನಿಂದ ಸೋರಿದ ಎಣ್ಣೆಗೆ ಬೆಂಕಿ ಹರಡದಂತೆಯೂ ತಡೆಯುತ್ತದೆ. ಬಿದ್ದಿರುವ ಕಲ್ಲು ತಾನೇ ಎಂದು ಅಲ್ಲಿಂದ ಯಾರೂ ಒಂದು ಬುಟ್ಟಿಯನ್ನೂ ಎತ್ತಬಾರದು.

ಕೊನೆಯದಾಗಿ ಒಂದು ವಿನಂತಿ. ಸೈಟಿನಲ್ಲಿ ಜಾಗವಿಲ್ಲವೆಂದು ಜಲ್ಲಿಯನ್ನು ಬೀದಿಗೆ ಸುರಿಸಬೇಡಿ. ಬೇರೆ ದಾರಿಯೇ ಇಲ್ಲವೆಂದಾದರೆ ಚರಂಡಿ ಬಿಟ್ಟು ಒಂದೇ ಬದಿಗೆ ಹಾಕಿಸಿ, ಸುತ್ತ ಇಟ್ಟಿಗೆ ಕಟ್ಟಿ, ರಾತ್ರಿ ಹೊಳೆಯುವ ಪಟ್ಟಿ ಹಚ್ಚಿ, ಚದುರಿದ್ದನ್ನು ದಿನಾ ಸಂಜೆ ಗುಡಿಸಿ ಒಟ್ಟು ಮಾಡಿಸಿ. ಕತ್ತಲಲ್ಲಿ ಸ್ಕೂಟರಿನ ಚಕ್ರ ಜಾರಲು ರಸ್ತೆಗೆ ಉರುಳಿಬಂದ ನಾಲ್ಕು ಕಲ್ಲು ಸಾಕು.