ಬೆಳಿಗ್ಗೆ ಸೈಕಲ್, ಮಧ್ಯಾಹ್ನ ಕಮರಿ, ಸಂಜೆ ನೀರಾನೆ: ನೈವಾಶಾದಲ್ಲಿ ಒಂದು ದಿನ

ಕೆನ್ಯಾದ ಸಫಾರಿ ಎಂದರೆ ಜೀಪಿನಿಂದ ಕೆಳಗಿಳಿಯುವ ಹಾಗೇ ಇಲ್ಲ. ಆದರೆ ನೈರೋಬಿಯಿಂದ ಸುಮಾರು 90 ಕಿ.ಮೀ. ದೂರದ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನದಲ್ಲಿ ಜೀಬ್ರಾಗಳ ನಡುವೆ ಸೈಕಲ್ ತುಳಿಯಬಹುದು, ಕಮರಿಯೊಳಗೆ ನಡೆಯಬಹುದು. ಪಕ್ಕದಲ್ಲೇ ನೈವಾಶಾ ಸರೋವರ. ಬೇಗ ಹೊರಟರೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಬಹುದು.

ಭಾರತದಿಂದ ಹೋಗುವವರು ಮೊದಲು ಕಾಗದಪತ್ರ ನೋಡಿಕೊಳ್ಳಿ. ಇ-ಟಿಎ ಪ್ರವೇಶಾನುಮತಿಯನ್ನು ಆನ್‌ಲೈನ್‌ನಲ್ಲೇ ಪಡೆಯಬೇಕು. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರ ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯಬಹುದು.

ಬಾಡಿಗೆ ಸೈಕಲ್ ಉದ್ಯಾನದ ಎಲ್ಸಾ ಗೇಟ್ ಬಳಿ ಸಿಗುತ್ತದೆ. ಹಣ ಕೊಡುವ ಮುಂಚೆ ಒಂದು ಸುತ್ತು ಹೊಡೆದು ಎರಡೂ ಬ್ರೇಕ್ ಪರೀಕ್ಷಿಸಿ, ಗೇರ್ ಬದಲಿಸಿದಾಗ ಚೈನ್ ಕಳಚುತ್ತದೆಯೇ ಗಮನಿಸಿ, ಸೀಟು ನಿಮ್ಮ ಎತ್ತರಕ್ಕೆ ಹೊಂದಿಸಿಕೊಳ್ಳಿ. ಜಾಗ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯಷ್ಟು ಎತ್ತರದಲ್ಲಿರುವುದರಿಂದ ಶುರುವಿನಲ್ಲಿ ಏದುಸಿರು ಬರುವುದು ಸಹಜ, ನಿಧಾನವಾಗಿ ತುಳಿಯಿರಿ. ಸಮಭಾಜಕ ವೃತ್ತದ ಸಮೀಪದ ಬಿಸಿಲು ತೀಕ್ಷ್ಣ. ಟೋಪಿ, ತಲಾ ಮೂರು ಲೀಟರ್ ನೀರು ಬೇಕೇ ಬೇಕು.

ಗೇಟು ದಾಟಿದ ಸ್ವಲ್ಪ ಹೊತ್ತಿಗೆ ಫಿಷರ್ಸ್ ಟವರ್ ಎಂಬ ಒಂಟಿ ಬಂಡೆ ಎದುರಾಗುತ್ತದೆ. ಹಳೆಯ ಜ್ವಾಲಾಮುಖಿಯ ಕೊಳವೆಯಲ್ಲಿ ಗಟ್ಟಿಯಾದ ಲಾವಾ ಅದು, ಎತ್ತರ ಸುಮಾರು 25 ಮೀಟರ್. ಅಲ್ಲಿಂದ ಮುಂದೆ ಮಣ್ಣಿನ ದಾರಿಯ ಎರಡೂ ಕಡೆ ಜಿರಾಫೆ, ಜಿಂಕೆ, ವಾರ್ಟ್‌ಹಾಗ್ ಹಂದಿಗಳು ಮೇಯುತ್ತಿರುತ್ತವೆ. ಸಿಂಹ, ಆನೆ ಇಲ್ಲಿ ಕಾಣುವುದು ತೀರಾ ಅಪರೂಪ. ಎಚ್ಚರ ಬೇಕಿರುವುದು ಕಾಡೆಮ್ಮೆಯ ಬಗ್ಗೆ. ದಾರಿಯ ಹತ್ತಿರ ಒಂಟಿ ಕಾಡೆಮ್ಮೆ ಕಂಡರೆ ದೂರದಲ್ಲೇ ನಿಂತು, ಅದು ಸರಿದ ಮೇಲೆ ಮುಂದೆ ಹೋಗಿ. ಮರಿಯಿರುವ ಯಾವ ಪ್ರಾಣಿಗೂ ಅಡ್ಡ ಬರಬೇಡಿ.

ಗೇಟಿನಿಂದ ಸುಮಾರು 8 ಕಿ.ಮೀ. ತುಳಿದರೆ ಓಲ್ ಎನ್‌ಜೊರೊವಾ ಕಮರಿ. ಸೈಕಲ್ಲಿನಲ್ಲಿ ತಿಂಡಿ ಚೀಲ ಬಿಟ್ಟು ಹೋದರೆ ಕೋತಿಗಳು ಉಳಿಸುವುದಿಲ್ಲ. ಇಳಿಯುವ ಮೊದಲು ಆಕಾಶ ನೋಡಿ. ಇಡೀ ದಿನದಲ್ಲಿ ನೀವು ಮಾಡಬೇಕಾದ ಅತಿ ಮುಖ್ಯ ಕೆಲಸ ಇದು. ದೂರದ ಬೆಟ್ಟದಲ್ಲಿ ಸುರಿದ ಮಳೆ, ನೀವಿರುವ ಕಡೆ ಹನಿಯೂ ಬೀಳದೆ, ಕಮರಿಗೆ ನುಗ್ಗಿಬಿಡುತ್ತದೆ. 2012 ಮತ್ತು 2019ರಲ್ಲಿ ಹೀಗೆ ಬಂದ ದಿಢೀರ್ ಪ್ರವಾಹಕ್ಕೆ ಸಿಕ್ಕಿ ಜನ ಸತ್ತಿದ್ದಾರೆ. ಗೋಡೆಗಳು ಕಡಿದಾಗಿದ್ದು, ಕೆಲವೆಡೆ ಕೈ ಚಾಚಿದರೆ ಎರಡೂ ಬದಿ ತಾಕುವಷ್ಟು ಕಿರಿದು. ಹತ್ತಿ ಪಾರಾಗಲು ಜಾಗವಿಲ್ಲ. ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ಡಿಸೆಂಬರ್ ಮಳೆಗಾಲ. ಮೋಡ ಕಟ್ಟಿದ್ದರೆ ಕಮರಿಯ ಆಸೆ ಬಿಡಿ. ಯಾವ ಭಾಗ ತೆರೆದಿದೆ ಎಂದು ಗೇಟಿನಲ್ಲೇ ಕೇಳಿ, ಮಾರ್ಗದರ್ಶಕರಿಲ್ಲದೆ ಇಳಿಯಬೇಡಿ. ಒಳಗೆ ಬಂಡೆಯ ಸಂದಿಯಿಂದ ಬಿಸಿನೀರು ಜಿನುಗುತ್ತದೆ, ಮುಟ್ಟಿದರೆ ಸುಡುತ್ತದೆ. ಸಮೀಪದ ಓಲ್ಕಾರಿಯಾದಲ್ಲಿ 1981ರಿಂದ ವಿದ್ಯುತ್ ಉತ್ಪಾದಿಸುತ್ತಿರುವುದೂ ಇದೇ ಭೂಶಾಖದಿಂದ.

ನಾಲ್ಕರ ಹೊತ್ತಿಗೆ ಸರೋವರ ತಲುಪಿ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ, ದರವನ್ನು ಮೊದಲೇ ಮಾತಾಡಿಕೊಳ್ಳಿ. ನೀರಾನೆಗಳು ಹಗಲಿಡೀ ಕಿವಿ, ಕಣ್ಣು, ಮೂಗಷ್ಟೇ ಹೊರಗಿಟ್ಟು ನೀರಿನಲ್ಲಿರುತ್ತವೆ. ಫೋಟೊಗಾಗಿ ಹತ್ತಿರ ಒಯ್ಯುವಂತೆ ದೋಣಿಯವರನ್ನು ಒತ್ತಾಯಿಸಬಾರದು. ಕೆಣಕಿದರೆ ದೋಣಿ ಮಗುಚುವ ಪ್ರಾಣಿ ಅದು. ಒಣಮರಗಳ ತುದಿಯಲ್ಲಿ ಬಿಳಿತಲೆಯ ಮೀನು ಹದ್ದುಗಳನ್ನು ಹುಡುಕಿ.

ಕತ್ತಲಾದರೆ ನೀರಾನೆಗಳು ಮೇಯಲು ದಡ ಹತ್ತುತ್ತವೆ. ಆರು ಗಂಟೆಯೊಳಗೆ ದೋಣಿ ಇಳಿದು, ನೀರಿನಂಚಿನಲ್ಲಿ ಅಡ್ಡಾಡದೆ, ನೈವಾಶಾ ಪಟ್ಟಣದ ಮಟಾಟು ವ್ಯಾನ್ ಹಿಡಿಯಿರಿ.